ಬಾಕಿ ಚಿಲ್ಲರೆ

ವಿರಾಜಪೇಟೆಯಿಂದ ಮಡಿಕೇರಿಗೆ ಎಷ್ಟು ತಿರುವು
ಅಂತ ನನ್ನನ್ನಲ್ಲ, ನನ್ನ ಕನ್ನಡಕವನ್ನು ಕೇಳಿ.
ತಿರುವಿಗೊಂದು ಸಲ ಜಾರಿ
ಟಿಕೆಟ್ ಮೆಷಿನ್ನಿನ ಮೇಲೆ ಬಿದ್ದಿದೆ.
ಕೊನೆಗೆ ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡೆ,
ಹಸುವಿಗೆ ಗಂಟೆ ಕಟ್ಟಿದ ಹಾಗೆ.
ಪಾಪ, ಕೂರಲು ಅದಕ್ಕೆ ಜಾಗವೆಲ್ಲಿ?
ಕಣ್ಣೆರಡರ ನಡುವೆ ಏಣು ಇರಬೇಕಾದಲ್ಲಿ
ನನಗೊಂದು ತಗ್ಗು.

ಹನ್ನೊಂದು ವರ್ಷದ ಹಿಂದೆ, ಅಮ್ಮತ್ತಿಯ ಮೈದಾನ.
ಒಕ್ಕದ ಟೂರ್ನಿಗೆ ಮೂರೇ ದಿನ.
ಗೋಲಿನಲ್ಲಿ ನಾನು, ಹೆಲ್ಮೆಟ್ಟು ಬೇಲಿಗೂಟದ ಮೇಲೆ.
ಸೆಕೆಯೆಂದು ನಾನೇ ತೆಗೆದದ್ದು, ಯಾರೂ ತೆಗೆಸಲಿಲ್ಲ.
ಹೊಡೆದವನು ಮೊಣ್ಣಪ್ಪ, ನನ್ನ ತಮ್ಮ.
ಗೋಲಾಗಲಿಲ್ಲ. ಅದನ್ನೂ ಬರೆದುಕೊಳ್ಳಿ.

ಐಸ್ ಇಟ್ಟರು. ಊದಿದ್ದು ಇಳಿಯಿತು.
ಇಳಿಯುತ್ತಲೇ ಹೋಯಿತು.
ಒಳಗಿನ ತಡಿಕೆಗೆ ರಕ್ತ ಕಟ್ಟಿ, ಕೀವಾಗಿ,
ಗೋಡೆ ಕರಗಿದ ಮೇಲೆ ಮಾಡು ಕೂತಿತು.
ಅಂದಿನಿಂದ ತಮ್ಮ ನನ್ನ ಮುಖ ನೋಡಿ ಮಾತಾಡಿದವನಲ್ಲ.
ನನ್ನ ಚೀಲದ ಜೊತೆ ಮಾತಾಡುತ್ತಾನೆ,
ನನ್ನ ಚಪ್ಪಲಿಯನ್ನು ಊಟ ಆಯಿತಾ ಕೇಳುತ್ತಾನೆ.

ಕೋಪದಲ್ಲಿ ಕೊಯ್ದ ಮೂಗು ನಗುವಾಗ ಬಂದೀತೇ
ಅನ್ನುತ್ತಾರಲ್ಲ, ಗಾದೆ ಮಾಡಿದವರು
ನಮ್ಮ ಮನೆಗೆ ಬಂದಿದ್ದರೆ ಏನೆನ್ನುತ್ತಿದ್ದರೋ.
ಇಲ್ಲಿ ಕೋಪವೇ ಇರಲಿಲ್ಲ.

ಮಡಿಕೇರಿಯ ಆಸ್ಪತ್ರೆಯಲ್ಲಿ ಡಾಕ್ಟರು ಬೆರಳಿಟ್ಟು ಒತ್ತಿ ನೋಡಿ
ಕುದುರೆ ಜೀನಿನ ಹಾಗಾಗಿದೆ ಎಂದರು.
ಸವಾರಿ ಮಾಡಿದವರನ್ನು ಒಬ್ಬೊಬ್ಬರಾಗಿ ನೆನೆದೆ:
ಬಸ್ಸಿನ ಎಷ್ಟು ಕಣ್ಣು, ಹೆಣ್ಣು ನೋಡಲು ಬಂದ ಎಷ್ಟು ಜೀಪು.
ಮೂಗಿನೊಳಗೆ ತೆಗೆಯಲು ಏನೂ ಉಳಿದಿಲ್ಲ,
ಕಿವಿಯದು ತೆಳು, ಸಾಲದು, ಪಕ್ಕೆಲುಬಿನ ತುದಿಯ
ಮೃದ್ವಸ್ಥಿ ಬೇಕು.
ಪಂದಿಕರಿಯಲ್ಲಿ ಹಲ್ಲಿಗೆ ಕುರುಕ್ ಅನ್ನುತ್ತದಲ್ಲ, ಅದಾ?
ಅದೇ, ಎಂದರು, ನಗದೆ.
ಮೊಣ್ಣಪ್ಪ ಬಾಗಿಲ ಹತ್ತಿರ ನಿಂತಿದ್ದ.
ಸಾರ್, ನನ್ನದು ತಗೊಳ್ಳಿ, ಎಂದ.
ಅಂಗಿಯ ಗುಂಡಿಗೆ ಕೈಯನ್ನೂ ಹಾಕಿದ್ದ.
ಆಗದಪ್ಪ, ಅವರದೇ ಆಗಬೇಕು.
ಅವನು ಹೊರಗೆ ಹೋಗಿ ಜೀಪಿನ ಗಾಜು ಒರೆಸಿದ,
ಒರೆಸಿದ್ದನ್ನೇ ಒರೆಸಿದ.

ಮುಂದಿನದು ನರ್ಸ್ ಲಿಲ್ಲಿಕುಟ್ಟಿ ಹೇಳಿದ್ದು:
ಏಳನೆಯ ಪಕ್ಕೆಯಿಂದ ಬಿಳೀ ತುಂಡು,
ಹಲಸಿನ ಬೀಜದ ಒಳತಿರುಳಿನ ಬಣ್ಣ.
ಮೇಲುಪದರ ಹೆರೆದು, ನಡುವಿನದನ್ನಷ್ಟೇ
ದೋಣಿಯಂತೆ ಕೆತ್ತಿದರಂತೆ.
ಕೆತ್ತಿ, ಉಪ್ಪುನೀರಿನ ಬಟ್ಟಲಿಗೆ ಹಾಕಿ
ಅರ್ಧ ಗಂಟೆ ಎಲ್ಲರೂ ಸುಮ್ಮನೆ ಕಾದರಂತೆ.
ಯಾಕೆ ಕೇಳಿದೆ.
ಅದಕ್ಕೆ ಬಾಗುವ ಚಾಳಿ, ಅಕ್ಕ.
ಎದೆಯ ಬಾಗು ಮರೆತಿರುವುದಿಲ್ಲ.
ಬಾಗುವುದಿದ್ದರೆ ಈಗಲೇ ಬಾಗಲಿ,
ಮುಖಕ್ಕೆ ಹೋದ ಮೇಲೆ ಬೇಡ.

ನನಗೆ ಆ ಅರ್ಧ ಗಂಟೆಯೇ ಸಾಕಾಗಿತ್ತು
ಯಾರಾದರೂ ನಮ್ಮಿಬ್ಬರನ್ನೂ ಅಂದೇ
ಹಾಗೆ ಬಟ್ಟಲಲ್ಲಿ ಇಟ್ಟು ನೋಡಿದ್ದರೆ.

ಪಟ್ಟಿ ಬಿಚ್ಚಿದ ದಿನ ಕನ್ನಡಿ ಕೊಟ್ಟರು.
ನೇರ. ಅಥವಾ ಎಡಕ್ಕೆ ಒಂದು ಕೂದಲಷ್ಟು.
ಮೊಣ್ಣಪ್ಪ ಬಂದ, ಚೀಲ ನೋಡಿದ, ಚಪ್ಪಲಿ ನೋಡಿದ,
ಆಮೇಲೆ ಮೆಲ್ಲಗೆ, ಏಣಿ ಹತ್ತುವವನ ಹಾಗೆ, ಮೇಲೆ.
ತುಂಬ ಹೊತ್ತು ನೋಡಿ ಹೇಳಿದ:
ಗೋಲು ಆಗಿತ್ತು ಗೊತ್ತಾ, ನಿನ್ನ ಮುಖಕ್ಕೆ ಬಡಿದು
ಗೆರೆ ದಾಟಿತ್ತು. ನಾನು ಯಾರಿಗೂ ಹೇಳಲಿಲ್ಲ.
ನಕ್ಕುಬಿಟ್ಟೆ. ಅಯ್ಯೋ,
ಮೂಗಿಗೇನೂ ಆಗಲಿಲ್ಲ,
ನೋವು ಪಕ್ಕೆಯಲ್ಲಿ.

ಈಗ ಮತ್ತೆ ಡ್ಯೂಟಿ, ಮೂರ್ನಾಡಿನ ಮೇಲೆ ಬೆಳಗಿನ ಬಸ್ಸು.
ಕನ್ನಡಕ ಕೂತಲ್ಲೇ ಕೂತಿದೆ, ದಾರ ಬಿಚ್ಚಿಲ್ಲ,
ಅಭ್ಯಾಸ.
ಕೆತ್ತಿ ಉಳಿದ ಚೂರನ್ನು ಬಿಸಾಡಲಿಲ್ಲವಂತೆ,
ಮುಂದೆ ಬೇಕಾದರೆ ಇರಲೆಂದು
ಎದೆಯ ಚರ್ಮದಡಿಯೇ ಇಟ್ಟು ಹೊಲಿದಿದ್ದಾರೆ.
ಮುಟ್ಟಿದರೆ ಸಿಗುತ್ತದೆ, ಎಂಟಾಣೆಯಷ್ಟು.
ಟಿಕೆಟಿನ ಹಿಂದೆ ಬರೆದುಕೊಡುತ್ತೇನಲ್ಲ,
ಇಳಿಯುವಾಗ ಕೇಳಿ ತಗೊಳ್ಳಿ ಅಂತ,
ಅಂಥದ್ದು.