ಬ್ಯಾಳಿ ಕುದಿಯೋ ನೀರು

ರಾತ್ರಿ ಎಂಟೂವರೆ, ವಿಜಯಪುರ. ಗೋಡೆಯಾಚೆ
ಯಂತ್ರ ಇನ್ನೂ ಕುಟ್ಟುತ್ತಲೇ ಇದೆ.
ಜೋರಾಪುರ ಪೇಟೆಯ ದಿಲಶಾದ್, ಕಾಜಾ ಹೊಲಿಯುವಾಕಿ,
ಬಳೆ ಬಿಚ್ಚಿಟ್ಟು ಕೊಳವೆಯೊಳಗೆ ಮಲಗಿದ್ದಾಳೆ.
‘ಅರಿವಿ ನಡು ಕಾಣಿಸ್ತೈತ್ರಿ,
ಎರಡೂ ಅಂಚು ಕಾಣವಲ್ವು.’

ನನ್ನ ಪರದೆಯಲ್ಲಿ, ಮೂಗಿನ ಬಹಳ ಹಿಂದೆ,
ಕಡಲೆಕಾಳಿನಷ್ಟು ಗ್ರಂಥಿಗೆ ಆತು ಕೂತ ಒಂದು ಹನಿ
ಕಣ್ಣಿನ ನರಗಳನ್ನು ನೆತ್ತಿಯಿಂದ ಎತ್ತಿ ಹಿಡಿದಿದೆ.

ಯಾವ ಬಾವಿಯ ನೀರು ನೀನು?
ನಮ್ಮಜ್ಜ ಬೊಗಸೆ ತುಂಬಿ, ನಾಲಿಗೆಗೆ ಮುಟ್ಟಿಸಿ ಹೇಳುತ್ತಿದ್ದ:
ಇದು ಸವಳ, ಇದು ಬ್ಯಾಳಿ ಕುದಿಯೋ ನೀರ.
ನನಗಿರುವುದು ಕಪ್ಪು, ಬಿಳುಪು, ನಡುವಿನ ಬೂದಿ.

ಸುಣ್ಣದ ಚೂರಿಲ್ಲ.
ಹಳೆ ರಕ್ತ ತಳಕ್ಕಿಳಿದು ಎರಡು ಪದರಾಗಿಲ್ಲ.
ನಡುಗೆರೆ ಬಿಟ್ಟು ಸರಿದಿಲ್ಲ.
ಸೂಜಿಮದ್ದು ಏರಿಸಿದರೆ ಗ್ರಂಥಿ ಬೆಳಗಿತು, ಹನಿ ಬೆಳಗಲಿಲ್ಲ.
ಒಳಗೆ, ಹಾಲಿಗೆ ಬಿದ್ದ ಎಳ್ಳಿನಂತೆ,
ಒಂದೇ ಒಂದು ಕಪ್ಪು ಕಾಳು.

ಹಾಗಾದರೆ ನೀನು ಗಡ್ಡೆಯಲ್ಲ.
ತಾಯ ಬಸಿರಲ್ಲಿ ಇವಳ ಅಂಗುಳಿನಿಂದ
ಮೇಲೆ ಹತ್ತಿದ ಸಣ್ಣ ದಾರಿ;
ಯಾರೋ ಹೊಲಿಯಲು ಮರೆತ ಕಾಜಾ.

‘ಬಹುಶಃ’ ಎಂದು ಬರೆದೆ. ಅಳಿಸಿದೆ. ಮತ್ತೆ ಬರೆದೆ.

ಹೊರಗೆ ದಿಲಶಾದ್ ಬಳೆ ಎಣಿಸಿ ತೊಡುತ್ತಿದ್ದಾಳೆ.
ಒಂದು ಕಡಿಮೆ.
ಅದು ಅವಳ ಬಲಕ್ಕೇ ಉರುಳಿ ನಿಂತಿದೆ,
ಕಾಲಿನಿಂದ ಒಂದು ಗೇಣು ದೂರ.