ಸೊನ್ನೆ ಬರೆಯುವ ಕೆಲಸ

ಸೊಹಾರಿನಲ್ಲಿ, ಕಡಲ ನೀರು ಸಿಹಿ ಮಾಡುವ ಕಾರ್ಖಾನೆಯಲ್ಲಿ
ಆರು ವರ್ಷ ನನ್ನದು ಸೊನ್ನೆ ಬರೆಯುವ ಕೆಲಸ.
ಬಾಟಲಿ ತುಂಬು, ಮುಚ್ಚಳ ಬಿಗಿ, ಶಾಖದ ಪೆಟ್ಟಿಗೆಯಲ್ಲಿಡು,
ಮರುದಿನ ತೆರೆದು ನೋಡು: ಏನೂ ಬೆಳೆದಿಲ್ಲ. ಸೊನ್ನೆ.
ಸೊನ್ನೆಗೇ ಸಂಬಳ. ಒಂದು ಕಂಡಿತೋ, ರಾತ್ರಿಯೇ ಫೋನು.

ಆ ನೀರಿಗೆ ಬಾಯಾರಿಕೆ ಹೋಗುತ್ತಿತ್ತು, ನಿಜ.
ಆದರೆ ಅದಕ್ಕೆ ಊರಿರಲಿಲ್ಲ.
ಗಂಗೊಳ್ಳಿಯ ನಮ್ಮ ಬಾವಿಗೆ ದೊಡ್ಡಮ್ಮ
ತಂಬಿಗೆಯಿಂದ ನಾಲ್ಕು ಮರಿಮೀನು ಬಿಡುತ್ತಿದ್ದಳು:
"ಮೀನ್ ಬದ್ಕಿದ್ ನೀರ್ ನಮ್ಗೂ ಆತ್ ಹೆಣೆ."
ನನ್ನ ಡಿಗ್ರಿಯಲ್ಲಿ ಆ ಪಾಠ ಇರಲಿಲ್ಲ.

ಒಂದು ಶುಕ್ರವಾರ ಯಾರದೋ ಪಿಕಪ್ಪಿನ ಹಿಂದೆ ಕೂತು
ವಾದಿಗೆ ಹೋದೆವು, ಬಿರಿಯಾನಿ ಪಾತ್ರೆ ಸಮೇತ.
ಬಂಡೆ ಸಂದಿನ ಗುಂಡಿಗೆ ಕಾಲು ಇಳಿಬಿಟ್ಟೆ.
ಹಿಮ್ಮಡಿಯ ಒಡಕನ್ನು ಏನೋ ಕಚ್ಚಿತು, ಬಿಟ್ಟಿತು, ಮತ್ತೆ ಕಚ್ಚಿತು.
ಬೆರಳುದ್ದದ, ಕಲ್ಲಿನದೇ ಬಣ್ಣದ ಮೀನು.
ಎಣಿಸಿದೆ. ಹದಿನೇಳು.

ಮುಂದಿನದನ್ನು ಹಾದಿ ಎನ್ನಲಾರೆ, ಜಾರಿದೆ ಅಷ್ಟೆ:
ಮೊದಲು ರಜೆಗಳು ಹೋದವು, ಆಮೇಲೆ ಬಡ್ತಿ,
ಆಮೇಲೆ ಕೆಲಸವೇ. ಮೂವತ್ತೆಂಟಕ್ಕೆ ಮತ್ತೆ ವಿದ್ಯಾರ್ಥಿನಿ,
ಮೊಣಕಾಲಿನವರೆಗೆ ರಬ್ಬರ್ ಬೂಟು.
ಅಣ್ಣ ಫೋನಿನಲ್ಲಿ ಕೇಳಿದ: "ಅಲ್ಲಿ ಬರೀ ಮರಳಲ್ವಾ? ಎಂಥ ಮೀನು?"

ಇಲ್ಲಿ ಫಲಜಿಗೊಬ್ಬ ವಕೀಲನಿರುತ್ತಾನೆ. ಕೋರ್ಟಿನವನಲ್ಲ;
ಯಾರ ಖರ್ಜೂರದ ತೋಟಕ್ಕೆ ಎಷ್ಟು ಹೊತ್ತು ನೀರೆಂದು
ನೆಟ್ಟ ಕೋಲಿನ ನೆರಳು ನೋಡಿ ಹೇಳುವವ.
ನಮ್ಮ ವಾದಿಯ ಸುವೈದ್ ನನ್ನ ಬಲೆ ನೋಡಿ ನಕ್ಕ:
"ಇಷ್ಟು ಸಣ್ಣದ್ದನ್ನು ಏನು ಬೇಯಿಸ್ತೀ?"
ಎಣಿಸಿ ಬಿಡ್ತೇನೆ, ಅಂದೆ.
ನಗು ನಿಲ್ಲಿಸಿ, ಕೋಲಿನ ಕಡೆ ತಿರುಗಿ ಕೇಳಿದ:
"ಹಾಗಾದರೆ ಅವುಗಳ ಪಾಲು ಎಷ್ಟು ಹೊತ್ತು?"
ನನ್ನ ಗೈಡು ಕೂಡ ಹಾಗೆ ಕೇಳಿರಲಿಲ್ಲ.
ಮೂರು ವರ್ಷವಾಯಿತು, ಉತ್ತರ ಬರೆಯುತ್ತಲೇ ಇದ್ದೇನೆ.

ಈ ಬೇಸಿಗೆ ಮೇಲ್ಗಡೆ ಹೊಸ ಬೋರ್‌ವೆಲ್.
ನಾಲ್ಕನೇ ಗುಂಡಿಯಲ್ಲಿ ಅಂಗೈಯಗಲ ಹಸಿ ಜಲ್ಲಿ.
ಬೆಳಿಗ್ಗೆಯಿಂದ ಕೂತಿದ್ದೇನೆ; ನೆರಳು ಕಾಲಡಿಗೆ ಬಂತು.
ಹಾಳೆಯ ಕೊನೆಯ ಮನೆಯಲ್ಲಿ ಪೆನ್ನು
ತಾನಾಗಿಯೇ ದುಂಡಗೆ ತಿರುಗಲು ಹೊರಟಿತು, ಹಳೇ ಚಾಳಿ.
ತಡೆದೆ.
ಸೊನ್ನೆ ಎನ್ನುವುದು ದೊಡ್ಡ ಮಾತು.
ಜಲ್ಲಿಯ ಕೆಳಗೆ, ಕತ್ತಲಲ್ಲಿ, ಇನ್ನೂ ನೀರಿರಬಹುದು.
"ಕಾಣಲಿಲ್ಲ" ಎಂದು ಬರೆದೆ.

ಆಮೇಲೆ ಬೂಟು ಕಳಚಿ
ಒಡೆದ ಹಿಮ್ಮಡಿಯನ್ನು ಆ ಹಸಿಗೆ ಒತ್ತಿ ಕೂತೆ.