ಅನ್ಯವಸ್ತು

ಕಡಜ ಅಂತ ಹೆಸರಿಟ್ಟವರು ಯಾರೋ ಗೊತ್ತಿಲ್ಲ.
ನನಗೆ ಗೊತ್ತಿರುವುದು ಅದರ ಹೊಟ್ಟೆ ಮಾತ್ರ.
ವಿಮಾನಪುರದ ನಾಲ್ಕನೇ ಕೊಟ್ಟಿಗೆಯಲ್ಲಿ
(ಹ್ಯಾಂಗರಿಗೆ ನಾವು ಅನ್ನುವುದೇ ಹಾಗೆ)
ಅಂಗಾತ ಮಲಗಿ ಹನ್ನೊಂದು ತಿಂಗಳಿಂದ ಕೆರೆಯುತ್ತಿದ್ದೇನೆ,
ತಳ ಹಿಡಿದ ಪಾತ್ರೆ ಉಜ್ಜುವ ಹಾಗೆ.

ಇಳಿದುಬಂದವರಿಗೆ ಆಕಾಶದ ತುಂಬ ಕಣ್ಣು.
ಮೇಲೆ ಹಾರಿದ್ದು ಹದ್ದಾದರೂ ಉಳಿಯದು.
ನೆಲದ ಹತ್ತಿರ ಮಾತ್ರ ಆ ಕಣ್ಣಿಗೆ ಪೊರೆ.
ಅದಕ್ಕೇ ಈ ಗಿಡ್ಡ ರೆಕ್ಕೆ, ಮೊರದಂಥ ಮೂಗು.
ತೆಂಗಿನ ಗರಿಗಿಂತ ಕೆಳಗೆ,
ಕರೆಂಟು ತಂತಿಯ ಅಡಿ ನುಸುಳಿ,
ಬದುಗಳಿಗೆ ಮೈ ಒರೆಸಿಕೊಂಡು ಹೋಗಿ
ಕುಟುಕಿ
ಬರುತ್ತದೆ. ಒಳಗೆ ಯಾರೂ ಇಲ್ಲ.

ಬರುವಾಗ ನೆಲವನ್ನೇ ಅಂಟಿಸಿಕೊಂಡು ಬರುತ್ತದೆ.
ಹಿಪ್ಪುನೇರಳೆ ಎಲೆಯಾದರೆ ಶಿಡ್ಲಘಟ್ಟದ ಕಡೆ.
ರಿವೆಟ್ಟಿನ ಸುತ್ತ ಟೊಮೆಟೊ ಬೀಜ ಒಣಗಿ ಕೂತಿದ್ದರೆ
ಕೋಲಾರ.
ಒಮ್ಮೆ ಕೋಳಿಪುಕ್ಕ. ಒಮ್ಮೆ
ಅರ್ಧ ಸುಟ್ಟ ರೇಷನ್ ಕಾರ್ಡು, ಹೆಸರು ಓದಲಿಲ್ಲ.
ಫಾರಂ ತುಂಬಬೇಕು: ಅನ್ಯವಸ್ತು, ಇಷ್ಟು ಗ್ರಾಂ.
ಅನ್ಯ ಅಂತಲೇ ಬರೆದು ರುಜು ಹಾಕುತ್ತೇನೆ,
ಇನ್ನಾಸಪ್ಪ.

ಅದಕ್ಕೊಂದು ದನಿ ಬೇಕಿತ್ತು.
ಅವಸರದ ಯುದ್ಧ, ಹೊಸದು ಮಾಡಿಸಲು ಹೊತ್ತಿಲ್ಲ,
ಸಿಟಿ ಬಸ್ಸಿನಲ್ಲಿ ಸ್ಟಾಪು ಕೂಗುತ್ತಿದ್ದ ದನಿಯನ್ನೇ
ಎತ್ತಿ ಇದರ ಗಂಟಲಿಗೆ ಇಟ್ಟರು.
ಗುರಿ ಕಂಡೊಡನೆ ಕಡಜ ಮೆಲ್ಲಗೆ ಹೇಳುತ್ತದೆ:
ಮುಂದಿನ ನಿಲ್ದಾಣ, ಹೊಸಕೋಟೆ.
ಇಳಿಯುವವರು ಮುಂದೆ ಬನ್ನಿ ಅಂತಲೂ
ಒಂದು ಸಲ ಅಂದುಬಿಟ್ಟಿತಂತೆ.
ಕಂಟ್ರೋಲ್ ರೂಮಿನಲ್ಲಿ ಯಾರೋ ನಕ್ಕರಂತೆ.
ಆಮೇಲೆ ಯಾರೂ ನಗಲಿಲ್ಲವಂತೆ.

ಆ ದನಿ ನನ್ನ ಹೆಂಡತಿಯದು.

ಹದಿನಾಲ್ಕು ವರ್ಷದ ಹಿಂದೆ, ನೆಗಡಿ ಮೂಗಿನಲ್ಲೇ,
ಸಿಸಿಲಿ ಎರಡು ದಿನ ಕೂತು ಊರನ್ನೆಲ್ಲ ಹೇಳಿದ್ದಳು,
ದೊಮ್ಮಲೂರು, ಕೋಡಿಹಳ್ಳಿ, ಮುರುಗೇಶಪಾಳ್ಯ,
ಹೆಸರಿಗೆ ಒಂದೂವರೆ ರೂಪಾಯಿಯಂತೆ.
ಯುದ್ಧ ಶುರುವಾದಾಗ ಮತ್ತೆ ಕರೆಸಿದರು.
ಬಸ್ಸೇ ಹೋಗದ ಹೆಸರು ಬೇಕಾಗಿದ್ದವು:
ಕುಂಟೆಗಳು, ಗುಂಡುತೋಪುಗಳು,
ಹಾಳುಬಿದ್ದ ಚಿನ್ನದ ಗಣಿಯ ಬಾಯಿಗಳು,
ಕೊನೆಗೆ ಬರೀ ಸರ್ವೆ ನಂಬರುಗಳು.
ಗುರುವಾರ ಗುರುವಾರ ಜೀಪು ಬರುತ್ತಿತ್ತು.
ಉಪ್ಪುನೀರು ಮುಕ್ಕಳಿಸಿ ಹತ್ತುತ್ತಿದ್ದಳು.

ರಾತ್ರಿ ಊಟಕ್ಕೆ ಕೂತಾಗ ಕೇಳುವುದುಂಟು:
ಇವತ್ತು ನಾನು ಎಲ್ಲಿಗೆ ಹೋಗಿದ್ದೆ?
ಉಗುರು ನೋಡಿಕೊಂಡು ಹೇಳುತ್ತೇನೆ. ಟೇಕಲ್. ಮಾಲೂರು.
ಅಲ್ಲಿ ಹೇಗಿತ್ತು ಅಂತ ಕೇಳುವುದಿಲ್ಲ.
ಸಾರು ಬಡಿಸುತ್ತಾಳೆ.

ಇವತ್ತು ಹೊಟ್ಟೆಯಲ್ಲಿ ಸಿಕ್ಕಿದ್ದು
ನೊರೆ.
ಬೆಳ್ಳಗೆ, ಇನ್ನೂ ಒಡೆಯದೆ,
ಅಷ್ಟು ದೂರ ಹಾರಿ ಬಂದರೂ ಅಲುಗಾಡುತ್ತಾ,
ಬೆಳ್ಳಂದೂರು ಕೆರೆಯ ಅದೇ ನಾತ.
ದೂರ ಅಂದೆ. ಎಲ್ಲಿಯ ದೂರ,
ಸೈಕಲ್ಲಿನಲ್ಲಿ ಅರ್ಧ ಗಂಟೆ.
ಅಂಗೈಯಲ್ಲಿ ಹಿಡಿದು ತಕ್ಕಡಿಗಿಟ್ಟೆ. ಸೊನ್ನೆ ತೋರಿಸಿತು.
ಅನ್ಯವಸ್ತು: ಇಲ್ಲ,
ಅಂತ ಬರೆದೆ.

ಮನೆಗೆ ಬಂದರೆ ಸಿಸಿಲಿ ಏನೂ ಕೇಳಲಿಲ್ಲ.
ಜೀಪು ಬರಲಿಲ್ಲ ಅಂದಳು.
ಫೋನು ಮಾಡಿದ್ರು, ಇನ್ನು ಬರೋದು ಬೇಡವಂತೆ,
ಇನ್ಮೇಲೆ ಬೇಕಾಗೋ ಹೆಸರೆಲ್ಲ
ಹಳೇ ಬಸ್ಸಿನ ಪಟ್ಟೀಲೇ ಇದೆಯಂತೆ.

ಹೊರಗೆ ಕಗ್ಗದಾಸಪುರದ ರೈಲ್ವೆ ಗೇಟು ಬಿದ್ದ ಸದ್ದು,
ಯಾವ ರೈಲಿಗೋ.
ಲೋಟದಲ್ಲಿ ಉಪ್ಪುನೀರು ಹಾಗೇ ಆರಿತ್ತು.

ತಟ್ಟೆ ಎತ್ತುತ್ತಾ ಅಂದಳು:
ನಮ್ಮ ಸ್ಟಾಪಿನ ಹೆಸರು ಹೇಳೋವಾಗ ಮಾತ್ರ
ಸ್ವಲ್ಪ ನಗು ಬಂದುಬಿಟ್ಟಿತ್ತು ಕಣ್ರೀ ಅವತ್ತು.
ಇನ್ನೊಂದು ಸಲ ಹೇಳಿ ಅಂದ್ರು.
ಹೊತ್ತಾಯ್ತು, ಇರಲಿ ಬಿಡಿ ಅಂದಿದ್ದೆ.
ಅದು ಹಾಗೇ ಇರುತ್ತೆ, ಅಲ್ವಾ?